ಟಿವಿ ಸುಡುವುದು ಸಿಡಿಲಿಗೆ ಮಾತ್ರ ಅಲ್ಲ

ಏಪ್ರಿಲ್ ಕಳೆಯುತ್ತಿದ್ದ ಹಾಗೆ ನಮ್ಮ ಕರಾವಳಿಯಲ್ಲಿ ಸಂಜೆ ಹೊತ್ತಿಗೆ ಗುಡುಗು ಶುರುವಾಗುತ್ತದೆ. ಘಟ್ಟದ ಕಡೆ ಮೋಡ ಕಪ್ಪಾದರೆ ಸಾಕು, ಮನೆಯಲ್ಲಿ ಒಂದೇ ಕೂಗು: "ಟಿವಿದು ಪ್ಲಗ್ ತೆಗೀರಿ, ಫ್ರಿಜ್ಜಿಂದೂ ತೆಗೀರಿ!" ಒಳ್ಳೆಯ ಅಭ್ಯಾಸವೇ, ಬಿಡಬೇಡಿ. ಆದರೆ ರಾತ್ರಿ ಎರಡು ಗಂಟೆಗೆ ಗುಡುಗಿದರೆ ಯಾರು ಏಳುತ್ತಾರೆ? ಬೀಗ ಹಾಕಿ ಮದುವೆಗೆ ಹೋದ ದಿನ ಏನು ಮಾಡುವುದು? ಬೋರ್‌ವೆಲ್ ಪಂಪಿಗೂ ಸೀಲಿಂಗಿನ ಎಲ್‌ಇಡಿ ದೀಪಗಳಿಗೂ ಕೀಳಲಿಕ್ಕೆ ಪ್ಲಗ್ಗೇ ಇಲ್ಲವಲ್ಲ.

ಅದಕ್ಕೇ ನಾವೆಲ್ಲ ಅಂಗಡಿಯಿಂದ ಒಂದು ಸ್ಪೈಕ್ ಗಾರ್ಡ್ ತಂದು ಟಿವಿಯ ಹಿಂದೆ ಸಿಕ್ಕಿಸಿ ನಿಶ್ಚಿಂತರಾಗುತ್ತೇವೆ. ಅದು ಆ ಒಂದು ಟಿವಿಯನ್ನು ಅಷ್ಟಿಷ್ಟು ಕಾಯಬಹುದು. ಇಡೀ ಮನೆಗೆ ಕಾವಲು ಬೇಕಾದರೆ ಅದು ಕರೆಂಟು ಒಳಗೆ ಬರುವ ಬಾಗಿಲಲ್ಲೇ ಇರಬೇಕು. ಅಂದರೆ ಮೈನ್ ಬೋರ್ಡಿನೊಳಗೆ, ವಯರಿಂಗಿಗೇ ಸೇರಿಸಿ ಕೂರಿಸಿದ ಸರ್ಜ್ ಪ್ರೊಟೆಕ್ಟರ್. ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇದರ ಹೆಸರು ಎಸ್‌ಪಿಡಿ. ನೋಡಲಿಕ್ಕೆ ಎಂಸಿಬಿಯ ಹಾಗೆಯೇ ಇರುತ್ತದೆ. ಒಳಗೆ ವ್ಯಾರಿಸ್ಟರ್ ಎಂಬ ಬಿಲ್ಲೆ ಉಂಟು. 230 ವೋಲ್ಟ್ ಇರುವಾಗ ಅದು ಮುಚ್ಚಿದ ಬಾಗಿಲು. ದೂರದಲ್ಲೆಲ್ಲೋ ಲೈನಿಗೆ ಸಿಡಿಲು ಬಡಿದು ಸಾವಿರಾರು ವೋಲ್ಟ್ ನುಗ್ಗಿ ಬಂದರೆ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಬಾಗಿಲು ತೆರೆದು ಆ ಕರೆಂಟನ್ನು ಅರ್ತಿಗೆ ಕಳಿಸುತ್ತದೆ, ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತದೆ. ಮನೆಯ ಮೇಲೆಯೇ ಸಿಡಿಲು ಬಿದ್ದರೆ ಈ ಪುಟ್ಟ ಡಬ್ಬಿ ಒಂದೇ ಸಾಲದು, ಅದನ್ನೂ ಹೇಳಿಬಿಡುತ್ತೇವೆ.

ಇಲ್ಲಿಯವರೆಗಿನದ್ದು ಹೆಚ್ಚಿನವರಿಗೆ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಇನ್ನೊಂದುಂಟು.

ನಮ್ಮ ಜಮಾಅತಿನ ಒಂದು ಸಾಲು ಮನೆಗಳಲ್ಲಿ ಮೋಡವೇ ಇಲ್ಲದ ಮಧ್ಯಾಹ್ನ ಟಿವಿ, ಫ್ರಿಜ್ಜು, ಮೊಬೈಲ್ ಚಾರ್ಜರ್‌ಗಳು ಒಟ್ಟಿಗೇ ಹೊಗೆಯಾಡಿದ್ದವು. ಸಿಡಿಲು ಎನ್ನಲಿಕ್ಕೆ ಆಕಾಶ ಸ್ವಚ್ಛ. ಆಗಿದ್ದು ಇಷ್ಟೇ: ತೆಂಗಿನ ಮಡಲು ಬಿದ್ದು ಕಂಬದ ಮೇಲಿನ ನ್ಯೂಟ್ರಲ್ ತಂತಿ ಕಡಿದಿತ್ತು.

ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್, ಒಂದು ನ್ಯೂಟ್ರಲ್ ಹೊರಡುತ್ತದೆ. ನಿಮ್ಮ ಮನೆಗೆ ಒಂದು ಫೇಸ್, ಪಕ್ಕದ ಮನೆಗೆ ಇನ್ನೊಂದು ಫೇಸ್. ನ್ಯೂಟ್ರಲ್ ಮಾತ್ರ ಇಬ್ಬರಿಗೂ ಒಂದೇ. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400. ನ್ಯೂಟ್ರಲ್ ಕಡಿದರೆ ಎರಡೂ ಮನೆಗಳು ಒಂದರ ಹಿಂದೊಂದು ಪೋಣಿಸಿದ ಹಾಗಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮಪಾಲು ಅಲ್ಲ. ಪಕ್ಕದ ಮನೆಯಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ನಿಮ್ಮಲ್ಲಿ 100 ವ್ಯಾಟಿನ ಟಿವಿ ಮಾತ್ರ ಓಡುತ್ತಿದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಇಸ್ತ್ರಿಪೆಟ್ಟಿಗೆಗೆ 40 ವೋಲ್ಟೂ ಸಿಗುವುದಿಲ್ಲ, ನಿಮ್ಮ ಟಿವಿಗೆ 360ಕ್ಕೂ ಮೇಲೆ ಬರುತ್ತದೆ. ಕರೆಂಟು ಉಳಿಸಿದವನ ಮನೆಯೇ ಸುಡುವುದು. ಎಂಥಾ ನ್ಯಾಯ ನೋಡಿ ಮಾರ್ರೆ!

ಇಂಥಾ ಹೊತ್ತಿಗೆ ಎಸ್‌ಪಿಡಿ ಒಂದೇ ಇದ್ದರೆ ಉಪಯೋಗವಿಲ್ಲ. ಅದು ಕ್ಷಣದ ಹೊಡೆತಕ್ಕೆ ಮಾಡಿದ್ದು. 360 ವೋಲ್ಟ್ ನಿಮಿಷಗಟ್ಟಲೆ ನಿಂತರೆ ಅದೇ ಬಿಸಿಯಾಗಿ ಹಾಳಾಗಬಹುದು. ಎಂಸಿಬಿಯೂ ಬೀಳುವುದಿಲ್ಲ, ಯಾಕೆಂದರೆ ಅದು ನೋಡುವುದು ಆಂಪಿಯರನ್ನು, ವೋಲ್ಟನ್ನಲ್ಲ.

ಈ ವಿಷಯದಲ್ಲಿ ಅಮೆರಿಕದವರ ಒಂದು ಪದ್ಧತಿ ನಮಗೆ ಇಷ್ಟವಾಯಿತು. ಅಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಗಳುಂಟು, ಟ್ರಾವೆಲ್ ಟ್ರೇಲರ್ ಅನ್ನುತ್ತಾರೆ. ಹೋದಲ್ಲೆಲ್ಲ ಕ್ಯಾಂಪಿನ ಕಂಬದ ಪೆಟ್ಟಿಗೆಗೆ ಕೇಬಲ್ ಸಿಕ್ಕಿಸಿ ಕರೆಂಟು ತೆಗೆದುಕೊಳ್ಳಬೇಕು. ಅವರ ಕರೆಂಟು 120 ವೋಲ್ಟ್. ದೊಡ್ಡ ಟ್ರೇಲರ್‌ಗಳ 50 ಆಂಪಿಯರ್ ಸಂಪರ್ಕದಲ್ಲಿ 120ರ ಎರಡು ಲೈನು, ನಡುವೆ ಒಂದೇ ನ್ಯೂಟ್ರಲ್. ಆ ನ್ಯೂಟ್ರಲ್ ಸಡಿಲವಾದರೆ ನಮ್ಮ ಮಡಲು ಬಿದ್ದ ಕಥೆಯೇ ಅಲ್ಲೂ. ಈ ವಾರ ಒಂದು ಕಂಬ, ಮುಂದಿನ ವಾರ ಇನ್ನೊಂದು. ಆದ್ದರಿಂದ ತಿಳಿದವರು ಯಾವ ಕಂಬವನ್ನೂ ನಂಬುವುದಿಲ್ಲ. ಕಂಬಕ್ಕೆ ನೇತುಹಾಕುವ ಬಗೆಯ ಪ್ರೊಟೆಕ್ಟರೂ ಉಂಟು. ಅದು ಮಳೆಯಲ್ಲಿ ನೆನೆಯುತ್ತದೆ, ಕದ್ದುಕೊಂಡು ಹೋಗುವವರೂ ಇದ್ದಾರೆ. ಹಾಗಾಗಿ ಟ್ರೇಲರಿನ ಒಳಗೆ, ಕೇಬಲ್ ಬರುವ ಜಾಗಕ್ಕೂ ಬ್ರೇಕರ್ ಪೆಟ್ಟಿಗೆಗೂ ನಡುವೆ, ವಯರಿಂಗಿಗೇ ಸೇರಿಸಿ ಕೂರಿಸುತ್ತಾರೆ. ಅರ್ತ್ ಉಂಟಾ, ಫೇಸ್-ನ್ಯೂಟ್ರಲ್ ಅದಲುಬದಲಾಗಿದೆಯಾ, ವೋಲ್ಟೇಜ್ ಸರಿ ಉಂಟಾ ಎಂದು ನೋಡಿದ ಮೇಲೆಯೇ ಅದು ಕರೆಂಟನ್ನು ಒಳಗೆ ಬಿಡುತ್ತದೆ. ಹೆಚ್ಚು ಬಳಕೆಯ ಮಾದರಿಗಳಲ್ಲಿ 104ಕ್ಕಿಂತ ಇಳಿದರೂ 132 ದಾಟಿದರೂ ಕಟ್. ಕರೆಂಟು ಮರಳಿದ ಮೇಲೂ ಎಸಿಯ ಕಂಪ್ರೆಸರಿಗಾಗಿ ಸ್ವಲ್ಪ ಹೊತ್ತು ಕಾಯುತ್ತದೆ.

ನಾವಾದರೋ ಹುಟ್ಟಿದಾಗಿನಿಂದ ಒಂದೇ ಕಂಬದ ಕೆಳಗಿದ್ದೇವೆ, ಹಾಗಾಗಿ ಅದರ ಮೇಲೆ ಪೂರ್ತಿ ಭರವಸೆ. ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆಗಳನ್ನು ನೋಡಿ. ಗೇಟಿಗೆ ಲಕ್ಷ, ಗ್ರಾನೈಟಿಗೆ ಲಕ್ಷ. ಅರ್ತಿಂಗ್ ಎಲ್ಲಿ ಉಂಟು ಎಂದು ಕೇಳಿದರೆ "ಮೇಸ್ತ್ರಿ ಹಾಕಿರಬೇಕು" ಅನ್ನುವ ಉತ್ತರ. ಯಜಮಾನ ದಮ್ಮಾಮಿನಲ್ಲಿ, ಮನೆಯಲ್ಲಿರುವುದು ಉಮ್ಮ, ಹೆಂಡತಿ, ಮಕ್ಕಳು.

ಟ್ರೇಲರಿನ ಆ ಒಂದು ಡಬ್ಬಿಯ ಕೆಲಸದಲ್ಲಿ ಮುಖ್ಯವಾದದ್ದನ್ನು ನಮ್ಮ ಮನೆಯಲ್ಲಿ ಎರಡು ಸಾಮಾನು ಸೇರಿ ಮಾಡುತ್ತವೆ. ಒಂದು, ಆಗ ಹೇಳಿದ ಎಸ್‌ಪಿಡಿ. ಮೈನ್ ಬೋರ್ಡಿಗೆ ಟೈಪ್ 2 ಎಂದು ಕೇಳಬೇಕು. ಸಿಂಗಲ್ ಫೇಸಿಗೆ ಎರಡು ಪೋಲ್, ತ್ರೀ ಫೇಸಿಗೆ ನಾಲ್ಕು ಪೋಲ್. ನಮ್ಮ ಕಡೆ ವೋಲ್ಟೇಜ್ ಏರಿಳಿತ ಜಾಸ್ತಿ, ಆದ್ದರಿಂದ 275ರ ಬದಲು 320 ವೋಲ್ಟ್ ಎಂದು ಬರೆದದ್ದು ಒಳ್ಳೆಯದು. ಇನ್ನೊಂದು, ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಹೊಂದಿಸಿಟ್ಟರೆ, ಉದಾಹರಣೆಗೆ 270 ಮತ್ತು 170, ಅದರಾಚೆ ಹೋದ ಕೂಡಲೇ ಮನೆಯ ಲೈನನ್ನೇ ಕತ್ತರಿಸುತ್ತದೆ. ಮರಳಿ ಕೊಡುವ ಮೊದಲು ಮೂರು ನಿಮಿಷ ಕಾಯುವ ಹಾಗೆ ಇಟ್ಟುಕೊಳ್ಳಿ, ಫ್ರಿಜ್ಜಿನ ಕಂಪ್ರೆಸರ್ ಉಳಿಯುತ್ತದೆ. ಮನೆಯ ಲೋಡೆಲ್ಲ ಇದರ ಮೂಲಕವೇ ಹೋಗುವುದರಿಂದ ಆಂಪಿಯರ್ ನೋಡಿ ತೆಗೆದುಕೊಳ್ಳಬೇಕು. ಕಡಿಮೆಯದ್ದು ತಂದರೆ ಅದೇ ಕರಗುತ್ತದೆ.

ಅರ್ತ್ ಇಲ್ಲದೆ ಎಸ್‌ಪಿಡಿ ಹಾಕುವುದು ಮೋರಿ ಇಲ್ಲದೆ ಬಚ್ಚಲು ಕಟ್ಟಿದ ಹಾಗೆ. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ಸರಿ, ಏಪ್ರಿಲ್-ಮೇಯಲ್ಲಿ ಒಣಗಿ ಕಲ್ಲಾಗಿರುತ್ತದೆ, ಗುಡುಗು ಬರುವುದೂ ಆಗಲೇ. ಅರ್ತ್ ಗುಂಡಿಗೆ ಆ ತಿಂಗಳುಗಳಲ್ಲಿ ದಿನಕ್ಕೆ ಒಂದೆರಡು ಕೊಡ ನೀರು ಹೊಯ್ಯಿರಿ, ಮತ್ತು ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ಅಳೆಯಲು ಹೇಳಿ.

ಇನ್ನು ಒಂದು ಕೆಟ್ಟ ಚಾಳಿ. ಅರ್ತ್ ಇಲ್ಲದ ಮನೆಯಲ್ಲಿ ಸಾಕೆಟಿನ ಅರ್ತ್ ತೂತಿಗೆ ನ್ಯೂಟ್ರಲನ್ನೇ ಸೇರಿಸಿ "ಆಯ್ತು" ಎಂದು ಹೋಗುವವರು ಇದ್ದಾರೆ. ದಿನಾ ಏನೂ ಗೊತ್ತಾಗುವುದಿಲ್ಲ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಮೈಯೇ ಕರೆಂಟಾಗುತ್ತದೆ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಬಾಗಿಲು ತೆರೆಯುವುದು ಯಾರು ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಟಿವಿ ಹೋದರೆ ಇನ್ನೊಂದು ತರಬಹುದು. ಈ ಜೋಡಣೆ ನಿಮ್ಮ ಮನೆಯಲ್ಲಿ ಉಂಟಾ ಎಂದು ಈ ವಾರವೇ ನೋಡಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಎಸ್‌ಪಿಡಿಗಿಂತ ಮೊದಲು ಅದನ್ನು ಹಾಕಿಸಿ.

ಕೆಲಸ ಲೈಸೆನ್ಸ್ ಇರುವವರದ್ದೇ. ಮೀಟರಿನ ತನಕ ಮೆಸ್ಕಾಂನದ್ದು, ಅದರ ಸೀಲು ಮುಟ್ಟುವಂತಿಲ್ಲ. ನಂತರ ಮೈನ್ ಸ್ವಿಚ್, ಆಮೇಲೆ ಎಸ್‌ಪಿಡಿ, ಆಮೇಲೆ ವೋಲ್ಟೇಜ್ ಪ್ರೊಟೆಕ್ಟರ್, ಆರ್‌ಸಿಸಿಬಿ, ಎಂಸಿಬಿಗಳು. ಎಸ್‌ಪಿಡಿಯನ್ನು ಲೈನಿನ ಬದಿಗೆ ಕವಲಾಗಿ ಕೊಡುವುದು, ಅದರ ಮೊದಲು ಅದಕ್ಕೆಂದೇ ಒಂದು ಎಂಸಿಬಿ ಅಥವಾ ಫ್ಯೂಸ್. ನೀವು ಪಕ್ಕದಲ್ಲಿ ನಿಂತು ನೋಡಬೇಕಾದ್ದು ವಯರಿನ ಉದ್ದ. ಫೇಸಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ತ್ ಪಟ್ಟಿಗೆ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಚಂದ ಕಾಣಲಿ ಎಂದು ವಯರನ್ನು ಸುತ್ತಿ ಬಳೆ ಮಾಡಿ ಇಟ್ಟರೆ, ಹೆಚ್ಚಾದ ಒಂದೊಂದು ಮೀಟರಿಗೂ ಸಿಡಿಲಿನ ಹೊತ್ತಿಗೆ ಸಾವಿರ ವೋಲ್ಟಿನಷ್ಟು ಮನೆಯ ಕಡೆಗೇ ಉಳಿಯುತ್ತದೆ. ಅರ್ತ್ ವಯರ್ ತಾಮ್ರದ್ದೇ ಆಗಲಿ, 6 ಚದರ ಮಿಲಿಮೀಟರ್.

ಮೈನ್ ಬೋರ್ಡಿಗೆ ಕಾವಲು ಹಾಕಿ ಹಿಂಬಾಗಿಲು ಮರೆಯಬೇಡಿ. ಮಾಳಿಗೆಯ ಡಿಶ್ಶಿನ ತಂತಿ, ಕೇಬಲ್ ಟಿವಿಯ ತಂತಿ, ಇವುಗಳಿಂದಲೂ ಸಿಡಿಲಿನ ಹೊಡೆತ ಒಳಗೆ ಬರುತ್ತದೆ. ಗುಡುಗುವಾಗ ಮನೆಯಲ್ಲಿದ್ದರೆ ಅದನ್ನೂ ಕಿತ್ತಿಡಿ. ಮಸೀದಿಯ ಆಂಪ್ಲಿಫೈಯರ್ ಮಳೆಗಾಲದ ಮೊದಲೇ ಯಾಕೆ ಹೋಗುತ್ತದೆ ಎಂದು ಕೇಳುವ ಕಮಿಟಿಯವರು ಮಿನಾರದಿಂದ ಇಳಿಯುವ ಸ್ಪೀಕರ್ ತಂತಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಎಸ್‌ಪಿಡಿಯ ಬಿಲ್ಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ. ಮುಂಭಾಗದಲ್ಲಿ ಒಂದು ಚಿಕ್ಕ ಕಿಟಕಿ ಇರುತ್ತದೆ. ಹಸಿರು ಇದ್ದರೆ ಕೆಲಸ ಮಾಡುತ್ತಿದೆ, ಕೆಂಪಾದರೆ ಮುಗಿದಿದೆ. ಹೆಚ್ಚಿನವುಗಳಲ್ಲಿ ಒಳಗಿನ ತುಂಡನ್ನು ಮಾತ್ರ ಬದಲಿಸಿದರೆ ಸಾಕು. ಕೆಂಪಾದರೂ ಲೈಟು, ಫ್ಯಾನು ಎಲ್ಲ ಮಾಮೂಲಿನಂತೆ ಓಡುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಬೋರ್ಡಿನ ಮುಚ್ಚಳ ತೆರೆದು ಆ ಕಿಟಕಿ ನೋಡುವುದನ್ನೂ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಕರೆಂಟು ಹೋಗುತ್ತದಾ ಎಂದು ನೋಡುವುದನ್ನೂ ಮನೆಯ ದೊಡ್ಡ ಮಕ್ಕಳಿಗೆ ಕಲಿಸಿ. ತಿಂಗಳಿಗೊಮ್ಮೆ, ಅರ್ಧ ನಿಮಿಷದ ಕೆಲಸ.