ಗಾಜಿನಾಚೆಯ ಬಿಸಿಲು

ಮೊಮ್ಮಗ ಹುಟ್ಟಿ ಇಪ್ಪತ್ತೆರಡು ದಿನ. ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ಎರೆದು, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದೆ. ಗ್ಲಾಸ್ಗೋದ ಡಿಸೆಂಬರು. ಎದುರುಮನೆಯ ಚಿಮಣಿಗಳ ಸಂದಿಯಿಂದ ಬೊಗಸೆಯಷ್ಟು ಬಿಸಿಲು ಬಂದಿತ್ತು. ಅದನ್ನು ಬಿಡಬಾರದೆಂದು ಕೂಸಿನ ಕಾಲು ಬಿಚ್ಚಿ ಬೆಳಕಿಗೆ ಹಿಡಿದೆ.

"ಅವ್ವಾ, ಅಲ್ಲಿ ಏನ್ ಮಾಡಾಕತ್ತಿ?" ಮಗಳು ಒಳಗಿನಿಂದ ಕೇಳಿದಳು.

"ಕೂಸಿಗೆ ಡಿ ವಿಟಮಿನ್ ಕುಡಿಸಾಕತ್ತೀನಿ."

"ಗಾಜಿನ್ಯಾಗಿಂದ ಅದು ಬರಂಗಿಲ್ಲ ಬೇ. ಥಂಡಿ ಆಗತೈತಿ, ಮುಚ್ಚು."

ಧಾರವಾಡದ ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದವಳು ನಾನು. 'ಸೂರ್ಯನ ಬೆಳಕಿನಿಂದ ದೊರೆಯುವ ಜೀವಸತ್ವ ಯಾವುದು?' ಅನ್ನೋ ಒಂದು ಅಂಕದ ಪ್ರಶ್ನೆಗೆ ಎಷ್ಟು ಸಾವಿರ ಸರಿ ಗುರುತು ಹಾಕಿದ್ದೇನೋ. ಎಷ್ಟು ಹೊತ್ತಿನ ಸೂರ್ಯ, ಯಾವ ತಿಂಗಳಿನ ಸೂರ್ಯ ಅಂತ ಮಕ್ಕಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಿಸಿಲೆಂದರೆ ಒಂದೇ ಪದಾರ್ಥವಲ್ಲ. ಮೈಗೆ ಬೆಚ್ಚಗೆನಿಸುವ ಕಿರಣ ಬೇರೆ, ಕಣ್ಣಿಗೆ ಕಾಣುವುದು ಬೇರೆ, ಚರ್ಮದೊಳಗೆ ವಿಟಮಿನ್ ಡಿ ಹುಟ್ಟಿಸುವುದು ಇನ್ನೊಂದು. ಅದರ ಹೆಸರು ಅಲ್ಟ್ರಾವೈಲೆಟ್ ಬಿ. ಚರ್ಮದಲ್ಲಿ ಕೊಲೆಸ್ಟೆರಾಲಿನ ದಾಯಾದಿಯಂಥ ಒಂದು ವಸ್ತುವಿದೆ. ಈ ಕಿರಣ ಬಿದ್ದರೆ ಅದು ಒಡೆದು ರೂಪ ಬದಲಿಸುತ್ತದೆ, ಮೈಯ ಬಿಸಿಗೆ ಮೆಲ್ಲಗೆ ಡಿ3 ಆಗುತ್ತದೆ. ಆಮೇಲೆ ಯಕೃತ್ತಿನಲ್ಲೊಂದು, ಮೂತ್ರಪಿಂಡದಲ್ಲೊಂದು ಸಂಸ್ಕಾರವಾದ ಮೇಲೇ ಅದು ಕರುಳಿಗೆ 'ಕ್ಯಾಲ್ಸಿಯಂ ಒಳಗೆ ಬಿಡು' ಎಂದು ಹೇಳುವ ಯೋಗ್ಯತೆ ಪಡೆಯುವುದು. ಕಿಟಕಿಯ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ನಾನು ಕೂಸಿಗೆ ಕೊಟ್ಟದ್ದು ಬರೀ ಬೆಳಕು.

ಗಾಜು ತೆಗೆದಿದ್ದರೂ ಅಷ್ಟೇ ಅಂತ ಆಮೇಲೆ ಗೊತ್ತಾಯಿತು. ಸೂರ್ಯ ಕೆಳಗಿದ್ದಾಗ ಕಿರಣಗಳು ಗಾಳಿಯಲ್ಲಿ ಓರೆಯಾಗಿ ಬಹುದೂರ ಹಾಯ್ದು ಬರಬೇಕು. ದಾರಿಯಲ್ಲೇ ಓಝೋನ್ ಪದರ ಅವನ್ನು ನುಂಗುತ್ತದೆ. ಇದನ್ನು ತಿಳಿಯಲು ಯಂತ್ರ ಬೇಡ, ನೆರಳು ಸಾಕು. ನೆರಳು ನಿಮಗಿಂತ ಗಿಡ್ಡವಿದ್ದರೆ ಚರ್ಮಕ್ಕೆ ಕೆಲಸ ಉಂಟು, ಉದ್ದವಿದ್ದರೆ ಹೆಚ್ಚೇನೂ ಇಲ್ಲ. ಅಂದಾಜಿನ ಲೆಕ್ಕವೇ, ಆದರೆ ಚಲೋ ಲೆಕ್ಕ.

ಮೇಷ್ಟರ ಚಟ ಎಲ್ಲಿ ಬಿಡುತ್ತದೆ? ಕ್ರಿಸ್‌ಮಸ್ಸಿನ ಮುಂಚೆ ಒಂದು ದಿನ ಮೋಡ ಹರಿದಿತ್ತು. ಅಳಿಯನ ಟೇಪು ಹಿಡಿದು ಮಧ್ಯಾಹ್ನ ಹನ್ನೆರಡೂ ಕಾಲಿಗೆ ಮನೆ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ನಿಂತೆ. ನೆರಳು ಅಂಗಳ ದಾಟಿ ಎದುರಿನ ಗೋಡೆ ಹತ್ತಿ ಕೂತಿತ್ತು! ಅಳೆಯಲು ಆಗದೆ ಒಳಗೆ ಬಂದು ಲೆಕ್ಕ ಹಾಕಿದೆ. ಆ ದಿನಗಳಲ್ಲಿ ಗ್ಲಾಸ್ಗೋದ ನಡುಹಗಲ ಸೂರ್ಯ ದಿಗಂತದಿಂದ ಮೇಲೇರುವುದು ಹನ್ನೊಂದು ಡಿಗ್ರಿಯೂ ಇಲ್ಲ. ಐದು ಅಡಿಯ ನನಗೆ 26 ಅಡಿಯ ನೆರಳು. ಅದೇ ದಿನ ಅದೇ ನಾನು ಧಾರವಾಡದ ಮಾಳಿಗೆಯ ಮೇಲೆ ನಡುಹಗಲಿಗೆ ನಿಂತಿದ್ದರೆ ನಾಲ್ಕೇ ಅಡಿ.

ಈ ಊರಿಗೆ ಇದು ಹೊಸ ಕಷ್ಟವಲ್ಲ. ಕಾರ್ಖಾನೆ ಹೊಗೆಯ ಕಾಲದಲ್ಲಿ ಇಲ್ಲಿನ ಬಡವರ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. ರಿಕೆಟ್ಸ್. ಜಪಾನಿನಲ್ಲಿ ಮಿಷನರಿಯಾಗಿದ್ದ ಥಿಯೊಬಾಲ್ಡ್ ಪಾಮ್ ಎಂಬ ವೈದ್ಯ, ಅಲ್ಲಿ ಕಾಣದ ಈ ರೋಗ ಬ್ರಿಟನ್ನಿನ ಊರುಗಳಲ್ಲೇ ಯಾಕೆ ಅಂತ ಯೋಚಿಸಿ, ಬಿಸಿಲಿನ ಕೊರತೆಯೇ ಕಾರಣವೆಂದು 1890ರಲ್ಲೇ ಬರೆದ. 1919ರಲ್ಲಿ ಎಡ್ವರ್ಡ್ ಮೆಲ್ಲನ್‌ಬಿ, ಒಳಗೇ ಕೂಡಿಹಾಕಿದ ನಾಯಿಮರಿಗಳಿಗೆ ಬಂದ ರಿಕೆಟ್ಸನ್ನು ಕಾಡ್ ಮೀನಿನ ಎಣ್ಣೆ ತಡೆಯುತ್ತದೆಂದು ತೋರಿಸಿದ. ಎಣ್ಣೆಯಲ್ಲಿದ್ದ ಆ ಗುಣಕ್ಕೆ 'ಡಿ' ಎಂಬ ಅಕ್ಷರ ಸಿಕ್ಕಿದ್ದು 1922ರಲ್ಲಿ. ರೋಗ ಹೋಯಿತು ಅಂದುಕೊಳ್ಳುವಷ್ಟರಲ್ಲಿ ನಮ್ಮ ಕಡೆಯವರು ಬಂದರು. 1960ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ವೈದ್ಯ ಮ್ಯಾಥ್ಯೂ ಡನಿಗನ್ ಮತ್ತವರ ಸಂಗಡಿಗರು ಭಾರತ, ಪಾಕಿಸ್ತಾನ ಮೂಲದ ಮನೆಗಳಲ್ಲಿ ಅದೇ ರೋಗ ಕಂಡರು. ಚಪಾತಿ ಹಿಟ್ಟಿಗೇ ವಿಟಮಿನ್ ಡಿ ಬೆರೆಸಿ ನೋಡಿದ ಪ್ರಯೋಗವೂ ನಡೆಯಿತು. 1979ರಿಂದ ಊರಿನಲ್ಲಿ ಪುಕ್ಕಟೆ ಹನಿ ಹಂಚಿದರು. ಕಪ್ಪು ಚರ್ಮಕ್ಕೆ ಅಷ್ಟೇ ವಿಟಮಿನ್ ಮಾಡಲು ಹೆಚ್ಚು ಹೊತ್ತು ಬಿಸಿಲು ಬೇಕು. ಇಲ್ಲಿ ಇರುವ ಬಿಸಿಲೇ ಎಷ್ಟು!

ಅದಕ್ಕೇ ಬ್ರಿಟನ್ನಿನ ಸಲಹೆ ಸರಳ: ಅಕ್ಟೋಬರಿನಿಂದ ಮಾರ್ಚ್‌ವರೆಗೆ ಎಲ್ಲರೂ ದಿನಕ್ಕೆ 10 ಮೈಕ್ರೊಗ್ರಾಂ, ಅಂದರೆ 400 ಯೂನಿಟ್, ತೆಗೆದುಕೊಳ್ಳಬಹುದು. ನಮ್ಮಂಥ ಮೈಬಣ್ಣದವರು ವರ್ಷವಿಡೀ ತೆಗೆದುಕೊಂಡರೂ ಒಳ್ಳೆಯದು. ತಾಯಿಹಾಲು ಕುಡಿಯುವ ಕೂಸಿಗೆ ಹುಟ್ಟಿದಾಗಿನಿಂದ 8.5ರಿಂದ 10 ಮೈಕ್ರೊಗ್ರಾಂ. ಮನೆಗೆ ಬಂದ ಹೆಲ್ತ್ ವಿಸಿಟರ್ ಇದನ್ನು ಮಗಳಿಗೆ ಹೇಳಿದಾಗ ನಾನು ಹೆಮ್ಮೆಯಿಂದ ಧಾರವಾಡದಿಂದ ತಂದಿದ್ದ ಬಾಟಲಿ ತೋರಿಸಿದೆ. ಆಕೆ ಅದನ್ನು ತಿರುಗಿಸಿ ತಿರುಗಿಸಿ ಓದಿದಳು. ನನ್ನದರಲ್ಲಿ ಒಂದು ಮಿಲಿಲೀಟರಿಗೆ 400 ಯೂನಿಟ್, ಮಗಳು ತಂದದ್ದರಲ್ಲಿ ಒಂದೇ ಹನಿಗೆ 400. ಒಂದರ ಅಳತೆಯಲ್ಲಿ ಇನ್ನೊಂದನ್ನು ಹಾಕಿದ್ದರೆ? ಆ ಸಂಜೆಯೇ ನನ್ನ ಬಾಟಲಿ ಸೂಟ್‌ಕೇಸು ಸೇರಿತು.

ನಮ್ಮದು ಕಾಯಿಪಲ್ಯೆ ಮಂದಿಯ ಮನೆ. ಎಣ್ಣೆಮೀನು, ಮೊಟ್ಟೆಯ ಹಳದಿ ಬಿಟ್ಟರೆ ಊಟದಲ್ಲಿ ವಿಟಮಿನ್ ಡಿ ಸಿಗುವ ಜಾಗ ಕಡಿಮೆ. ರೊಟ್ಟಿ, ಪುಂಡಿಪಲ್ಯೆ, ಮೊಸರಿನಲ್ಲಿ ಹುಡುಕಿ ಉಪಯೋಗವಿಲ್ಲ. ಹಾಗಾಗಿ ಗುಳಿಗೆಯೇ. ಮೆತ್ತನೆಯ ಕ್ಯಾಪ್ಸೂಲಿನ ಹೊದಿಕೆ ಬಹಳಷ್ಟು ಸಲ ಪ್ರಾಣಿಗಳ ಜೆಲಾಟಿನ್ ಎಂದು ಮಗಳು ಒಣ ಗುಳಿಗೆ ತರುತ್ತಾಳೆ. ಅದರೊಳಗಿನ ಡಿ3 ಸಾಮಾನ್ಯವಾಗಿ ಬರುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ಫೋನಿನಲ್ಲಿ ಇದನ್ನು ಕೇಳಿ ಬೀಗತಿ ಸ್ವಲ್ಪ ಅಳುಕಿದರು. "ಕಂಬಳಿಗೆ ಎಲ್ಲೀ ಮೈಲಿಗಿರೀ?" ಅಂದೆ. ಸುಮ್ಮನಾದರು.

ನನ್ನ ರಿಪೋರ್ಟಿನ ಕಥೆ ಹೇಳಲೇಬೇಕು. ಹೊರಡುವ ಮುಂಚೆ ಮೊಣಕಾಲು ನೋವೆಂದು ರಕ್ತ ಕೊಟ್ಟಾಗ ವಿಟಮಿನ್ ಡಿ 14 ಬಂದಿತ್ತು. ಮಗಳದು ಬಸುರಿಯಲ್ಲಿ 35 ಅಂತೆ. "ನಿಂದs ಚಲೋ ಐತಲ್ಲೇ" ಅಂದೆ. ಅವಳು ಎರಡೂ ಕಾಗದ ಪಕ್ಕಪಕ್ಕ ಇಟ್ಟಳು. ನಮ್ಮಲ್ಲಿ ಅಳೆಯುವುದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು, ಅವರಲ್ಲಿ ಲೀಟರಿಗೆ ಇಷ್ಟು ನ್ಯಾನೊಮೋಲ್ ಎಂದು. ಅವರ ಅಂಕಿಯನ್ನು ಎರಡೂವರೆಯಿಂದ ಭಾಗಿಸಿದರೆ ನಮ್ಮದು. 35 ಭಾಗಿಸು ಎರಡೂವರೆ: ಹದಿನಾಲ್ಕು.

ಸೂರ್ಯನೇ ಮೇಲೇರದ ಊರಿನ ಮಗಳದೂ, ಸೂರ್ಯ ಸುಡುವ ಊರಿನ ತಾಯಿಯದೂ ಒಂದೇ ಅಂಕಿ! ನನ್ನ ದಿನಚರಿ ನೆನೆದರೆ ಆಶ್ಚರ್ಯವೇನಿಲ್ಲ. ಹತ್ತಕ್ಕೆ ಶಾಲೆಯೊಳಗೆ ಹೋದರೆ ಐದಕ್ಕೆ ಹೊರಗೆ. ನಡುವೆ ಹೊರಬಿದ್ದರೆ ತುಂಬುತೋಳಿನ ಕುಪ್ಪಸ, ತಲೆಯ ಮೇಲೆ ಕೊಡೆ. ನಾವು ಮೆಚ್ಚುವ ಎಳೆಬಿಸಿಲು, ಸಂಜೆಬಿಸಿಲು ಎರಡೂ ಉದ್ದ ನೆರಳಿನವು. ಡಾಕ್ಟರು ವಾರಕ್ಕೊಂದರಂತೆ 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟಿದ್ದರು. ವಾರಕ್ಕೊಂದು, ಅದೂ ಅವರು ಹೇಳಿದಷ್ಟೇ ವಾರ. ಇದು ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುವ ವಿಟಮಿನ್ನು, ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ದಾಹ, ಮೂತ್ರಪಿಂಡಕ್ಕೆ ಪೆಟ್ಟು. ತಾವಾಗಿಯೇ ತೆಗೆದುಕೊಳ್ಳುವ ದೊಡ್ಡವರು ದಿನಕ್ಕೆ 4,000 ಯೂನಿಟ್ ದಾಟಬಾರದು.

ಮಾರ್ಚಿನಲ್ಲಿ ವಾಪಸು ಬಂದೆ. ಈಗ ಸಂಡಿಗೆ ಹಾಕಿದ ದಿನ ನಡುಹಗಲಿಗೆ ಕೊಡೆಯಿಲ್ಲದೆ ಹತ್ತು ಹದಿನೈದು ನಿಮಿಷ ಮಾಳಿಗೆಯ ಮೇಲಿರುತ್ತೇನೆ. ಏಪ್ರಿಲಿನ ನಡುವೆ ಒಂದು ಸಂಜೆ ಸಂಡಿಗೆ ತೆಗೆಯುತ್ತಿದ್ದಾಗ ಮಗಳ ವಿಡಿಯೊ ಕಾಲ್ ಬಂತು. ಅಲ್ಲಿ ನಡುಹಗಲು. ಕೂಸನ್ನು ತಳ್ಳುಗಾಡಿಯ ಮುಸುಕಿನೊಳಗೆ ಮಲಗಿಸಿ, ಅಳಿಯ ಟೇಪಿನ ಒಂದು ತುದಿ ಹಿಡಿದು ಬಗ್ಗಿ ನಿಂತಿದ್ದ.

"ಅವ್ವಾ, ಇವತ್ತ ನೆರಳು ಸರೀ ನನ್ನಷ್ಟs ಐತಿ ನೋಡ!"