ಕಿರುಗುದುರೆಗೆ ತಕ್ಕ ಲಾಯ

೫ ಅಡಿ ೪ ಅಂಗುಲ ಎತ್ತರದ ಕುದುರೆಯೊಂದಕ್ಕೆ ೧೨ ಅಡಿ ಚೌಕದ ಕೋಣೆಯೂ ೮ ಅಡಿ ಎತ್ತರದ ಬಾಗಿಲೂ ಬೇಕು. ಹಾಗಾದರೆ ೨ ಅಡಿ ೧೦ ಅಂಗುಲ ಎತ್ತರದ ಕುದುರೆಗೆ ಎಷ್ಟು ಬೇಕು? ತ್ರೈರಾಶಿಯನ್ನು ಕಲಿತ ಯಾವ ವಿದ್ಯಾರ್ಥಿಯಾದರೂ ಕ್ಷಣಮಾತ್ರದಲ್ಲಿ ಉತ್ತರ ಹೇಳಿಯಾನು: ಸುಮಾರು ೬ ಅಡಿ ೪ ಅಂಗುಲದ ಕೋಣೆ, ೪ ಅಡಿ ೩ ಅಂಗುಲದ ಬಾಗಿಲು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕವನ್ನೇ ನಂಬಿ ಲಾಯವನ್ನು ಕಟ್ಟಿಸಿದವನು ಮೊದಲನೆಯ ದಿನವೇ ಬಾಗಿಲಿಗೆ ತಲೆ ತಾಗಿಸಿಕೊಳ್ಳುವನು. ಕೆಲವು ತಿಂಗಳು ಕಳೆಯುವುದರೊಳಗೆ ಅವನ ಕುದುರೆಗಳು ಕೆಮ್ಮತೊಡಗಬಹುದು. ಹೆಣ್ಣುಕುದುರೆ ಈಯುವ ರಾತ್ರಿ, ನೆರವಿಗೆ ಬಂದವನಿಗೆ ಮೊಣಕಾಲೂರಲು ಸ್ಥಳವಿಲ್ಲದೆ ಮರಿ ಸಾಯಲೂಬಹುದು. ಪ್ರಾಣಿಯು ಕಿರಿದಾದಾಗ ಅದರೊಡನೆ ಯಾವುದು ಕಿರಿದಾಗುವುದು, ಯಾವುದು ಕಿರಿದಾಗದು ಎಂಬುದನ್ನು ತಿಳಿಯುವುದೇ ಇಂತಹ ಲಾಯವನ್ನು ರಚಿಸುವವನ ಮೊದಲ ಪಾಠ.

ಈ ಕುದುರೆಗಳು ಯಾವುವು?

ಅಮೆರಿಕದಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ಕಿರುಗುದುರೆ ಸಂಘದ ನಿಯಮದಂತೆ, ಎತ್ತರದಲ್ಲಿ ೩೪ ಅಂಗುಲವನ್ನು ಮೀರದ ಕುದುರೆ ಕಿರುಗುದುರೆ ಎನಿಸುವುದು. ಎತ್ತರವನ್ನು ಅಯಾಲಿನ ಕೊನೆಯ ಕೂದಲಿನ ಬಳಿ ಅಳೆಯುವರು. ಇವು ಮರಿಗಳಲ್ಲ, ಪೂರ್ಣವಾಗಿ ಬೆಳೆದ ಕುದುರೆಗಳೇ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ತಟ್ಟುಗಳು ಇವುಗಳ ಪೂರ್ವಜರಲ್ಲಿ ಮುಖ್ಯವಾದುವು. ಬ್ರಿಟನ್ನಿನಲ್ಲಿ ೧೮೪೨ರ ಕಾಯಿದೆಯು ಹೆಂಗಸರನ್ನೂ ಹತ್ತು ವರ್ಷದೊಳಗಿನ ಬಾಲಕರನ್ನೂ ಗಣಿಯೊಳಗೆ ದುಡಿಸಬಾರದೆಂದು ವಿಧಿಸಿದ ಮೇಲೆ, ತಗ್ಗಾದ ಸುರಂಗಗಳಲ್ಲಿ ಕಲ್ಲಿದ್ದಲ ಗಾಡಿಗಳನ್ನೆಳೆಯಲು ಈ ಗಿಡ್ಡ ತಟ್ಟುಗಳಿಗೆ ಬೇಡಿಕೆ ಹೆಚ್ಚಿತು. ಇಂದಿನ ಕಿರುಗುದುರೆಗಾದರೋ ಗಣಿಯ ದುಡಿಮೆಯಿಲ್ಲ. ಪ್ರದರ್ಶನಕ್ಕೂ ಸಣ್ಣ ಗಾಡಿಯನ್ನೆಳೆಯುವುದಕ್ಕೂ ಮನೆಮಂದಿಯ ಒಡನಾಟಕ್ಕೂ ಅದನ್ನು ಸಾಕುವರು.

ದೊಡ್ಡ ಕುದುರೆಯ ತೂಕ ಸುಮಾರು ೫೦೦ ಕಿಲೋಗ್ರಾಂ. ಕಿರುಗುದುರೆಯದು ೧೦೦ ಕಿಲೋಗ್ರಾಂ ಅಥವಾ ಅದಕ್ಕಿಂತ ತುಸು ಕಡಿಮೆ. ಎತ್ತರವು ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿದ್ದರೂ ತೂಕವು ಐದರಲ್ಲೊಂದು ಪಾಲಿಗೆ ಇಳಿದಿರುವುದೇಕೆ? ಒಂದೇ ಆಕಾರದ ವಸ್ತುವಿನ ಉದ್ದವನ್ನು ಅರ್ಧಮಾಡಿದರೆ ಅದರ ಮೇಲ್ಮೈ ನಾಲ್ಕರಲ್ಲೊಂದು ಪಾಲಾಗುವುದು, ಘನಗಾತ್ರವು ಎಂಟರಲ್ಲೊಂದು ಪಾಲಾಗುವುದು. ಆದುದರಿಂದ ಪ್ರಾಣಿಯು ಚಿಕ್ಕದಾದಷ್ಟೂ ಅದರ ಪ್ರತಿಯೊಂದು ಕಿಲೋಗ್ರಾಂ ತೂಕಕ್ಕೆ ಹೆಚ್ಚು ಚರ್ಮವು ಹೊರಗಿನ ಗಾಳಿಗೆ ತೆರೆದಿರುವುದು. ಆ ಚರ್ಮದ ಮೂಲಕವೇ ಶಾಖವು ಹೊರಹೋಗುವುದು.

ಇದನ್ನು ಓದಿದವನು, "ಹಾಗಾದರೆ ಚಳಿಗಾಲದಲ್ಲಿ ಈ ಬಡಪ್ರಾಣಿಯನ್ನು ಬೆಚ್ಚಗೆ ಮುಚ್ಚಿಡಬೇಕಲ್ಲವೆ?" ಎಂದು ಕೇಳಬಹುದು. ಇಲ್ಲಿಯೇ ಎಚ್ಚರ ಬೇಕು. ಚಳಿನಾಡಿನ ತಟ್ಟುಗಳ ವಂಶದಲ್ಲಿ ಹುಟ್ಟಿದ ಕಿರುಗುದುರೆಗೆ ನಿಸರ್ಗವು ದಟ್ಟವಾದ ಚಳಿಗಾಲದ ರೋಮವನ್ನು ಕೊಟ್ಟಿದೆ. ಮೈ ಒಣಗಿದ್ದು, ಬೀಸುಗಾಳಿಯಿಂದ ಮರೆಯಿದ್ದರೆ, ಬೆಳೆದ ಆರೋಗ್ಯವಂತ ಕುದುರೆಯು ನೀರು ಹೆಪ್ಪುಗಟ್ಟುವ ಚಳಿಯನ್ನೂ ತಾಳಿಕೊಳ್ಳುವುದು. ಅದಕ್ಕೆ ಬೇಕಾದುದು ಒಣ ಹಾಸು ಮತ್ತು ಗಾಳಿಮರೆ, ಬಿಸಿಯಾದ ಕೋಣೆಯಲ್ಲ. ಕನಿಕರದಿಂದ ಕಿಟಕಿಗಳನ್ನೆಲ್ಲ ಮುಚ್ಚಿದವನು ಚಳಿಯನ್ನು ಹೊರಗಿಟ್ಟು, ಅದಕ್ಕಿಂತ ಕೆಟ್ಟದ್ದನ್ನು ಒಳಗೆ ಸೆರೆಹಿಡಿದಂತಾಗುವುದು.

ಮೂಗಿನ ಮಟ್ಟದ ಗಾಳಿ

ಬೆಳಗಿನ ಜಾವ ದನದ ಕೊಟ್ಟಿಗೆಯ ಬಾಗಿಲನ್ನು ತೆರೆದಾಗ ಮೂಗಿಗೆ ರಪ್ಪನೆ ಹೊಡೆಯುವ ಘಾಟನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅದು ಅಮೋನಿಯ. ಮೂತ್ರದಲ್ಲಿ ಯೂರಿಯವೆಂಬ ವಸ್ತುವಿದೆ. ಲದ್ದಿಯಲ್ಲಿಯೂ ಕೊಳೆತ ಹಾಸಿನಲ್ಲಿಯೂ ಇರುವ ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವದ ಮೂಲಕ ಅದನ್ನು ಒಡೆದು ಅಮೋನಿಯವನ್ನು ಬಿಡುಗಡೆ ಮಾಡುವುವು. ಈ ಅನಿಲವು ಗಾಳಿಗಿಂತ ಹಗುರವಾದುದು ನಿಜ. ಆದರೆ ಅದು ಹುಟ್ಟುವುದು ನೆಲದಲ್ಲಿ. ಗಾಳಿಯ ಚಲನೆ ಮಂದವಾಗಿರುವ ಕೋಣೆಯಲ್ಲಿ ನೆಲದ ಹತ್ತಿರವೇ ಅದು ಅತ್ಯಂತ ದಟ್ಟವಾಗಿರುವುದು. ಅಮೋನಿಯವು ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ, ಧೂಳನ್ನೂ ರೋಗಾಣುಗಳನ್ನೂ ಹೊರದೂಡುವ ಅದರ ಶಕ್ತಿಯನ್ನು ಕುಂದಿಸುವುದು. ಹುಲ್ಲಿನ ಧೂಳು ಮತ್ತು ಬೂಷ್ಟಿನ ಕಣಗಳು ಇದರೊಡನೆ ಸೇರಿದರೆ ಕೆಮ್ಮು ನೆಲೆಯಾಗಿ ನಿಲ್ಲುವುದು.

ಲಾಯದ ಪಾಲಕನು ನಿಂತು ಉಸಿರಾಡುವುದು ನೆಲದಿಂದ ೫ ಅಡಿ ಮೇಲೆ. ಕಿರುಗುದುರೆ ನಿಂತಾಗಲೂ ಅದರ ಮೂಗು ಅವನ ಸೊಂಟದ ಮಟ್ಟವನ್ನು ಅಷ್ಟೇನೂ ಮೀರದು. ಮೇಯುವಾಗಲೂ ಮಲಗಿದಾಗಲೂ ಹಾಸಿನ ಸಮೀಪದಲ್ಲಿಯೇ ಇರುವುದು. ಮನುಷ್ಯನಿಗೆ ಶುದ್ಧವೆನಿಸಿದ ಗಾಳಿ ಕುದುರೆಗೆ ಶುದ್ಧವಾಗಿರಬೇಕೆಂಬ ನಿಯಮವಿಲ್ಲ. ಅಲ್ಲದೆ, ಅದೇ ಕೋಣೆಯಲ್ಲಿ ಕೆಲಸಮಾಡುತ್ತಿರುವವನ ಮೂಗು ಬೇಗನೆ ಆ ವಾಸನೆಗೆ ಒಗ್ಗಿಹೋಗುವುದು.

ಪರಿಹಾರವು ಗಾಳಿಯ ಸಂಚಾರದಲ್ಲಿದೆ. ಪ್ರಾಣಿಗಳ ಮೈಶಾಖದಿಂದ ಬೆಚ್ಚಗಾದ ತೇವದ ಗಾಳಿ ಮೇಲಕ್ಕೇರುವುದು. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಸಂದು ಬಿಟ್ಟಿದ್ದರೆ ಅದು ಹೊರಹೋಗಿ, ಎರಡು ಕಡೆಯ ಸೂರಿನ ಕೆಳಗಿನ ಸಂದುಗಳಿಂದ ಹೊಸ ಗಾಳಿ ಒಳಬರುವುದು. ಕಟ್ಟಡದ ಪ್ರತಿ ೧೦ ಅಡಿ ಅಗಲಕ್ಕೆ ಒಂದೊಂದು ಸೂರಿನಲ್ಲಿ ೧ ಅಂಗುಲ, ನೆತ್ತಿಯಲ್ಲಿ ೨ ಅಂಗುಲ ಸಂದು ಇರಬೇಕೆಂಬುದು ಪಶುಶಾಲೆಗಳನ್ನು ಕಟ್ಟುವವರ ಸಾಮಾನ್ಯ ಸೂತ್ರ. ಈ ಸಂದುಗಳು ಎಂತಹ ಚಳಿಯಲ್ಲಿಯೂ ತೆರೆದಿರತಕ್ಕವು.

ಒಂದು ನಕ್ಷೆ

ಆರು ಕುದುರೆಗಳಿಗಾಗಿ ೨೪ ಅಡಿ ಅಗಲ, ೩೬ ಅಡಿ ಉದ್ದದ ಲಾಯವೊಂದನ್ನು ಕಲ್ಪಿಸಿಕೊಳ್ಳೋಣ. ನಡುವೆ ೮ ಅಡಿ ಅಗಲದ ಓಣಿ. ಅದರ ಎರಡು ಕಡೆಗಳಲ್ಲಿಯೂ ೮ ಅಡಿ ಚೌಕದ ಮೂರು ಮೂರು ಕೋಣೆಗಳು. ಉಳಿದ ೧೨ ಅಡಿ ಉದ್ದದಲ್ಲಿ ಒಂದು ಕಡೆ ಈಯುವ ಕುದುರೆಗೆ ದೊಡ್ಡ ಕೋಣೆ, ಇನ್ನೊಂದು ಕಡೆ ಮೇವಿನ ಕೊಠಡಿ. ಮೇಲೆ ಹೇಳಿದ ಸೂತ್ರದಂತೆ ಒಂದೊಂದು ಸೂರಿನಲ್ಲಿ ಸುಮಾರು ೨.೪ ಅಂಗುಲ, ನೆತ್ತಿಯಲ್ಲಿ ಸುಮಾರು ೫ ಅಂಗುಲ ಸಂದು ಬೇಕಾಗುವುದು. ಓಣಿಯ ಎರಡು ತುದಿಗಳಲ್ಲಿಯೂ ಬಾಗಿಲಿರಬೇಕು. ಬೆಂಕಿ ಬಿದ್ದಾಗ ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುವುದು.

ಇಲ್ಲಿ ಕಿರಿದಾಗಿರುವುದು ಕೋಣೆಯ ವಿಸ್ತಾರ: ೧೪೪ ಚದರ ಅಡಿಗೆ ಬದಲಾಗಿ ೬೪ ಚದರ ಅಡಿ. ಕಿರಿದಾಗದಿರುವುದು ಸೂರಿನ ಎತ್ತರ, ಬಾಗಿಲಿನ ಎತ್ತರ ಮತ್ತು ಲದ್ದಿಯ ಕೈಗಾಡಿ ತಿರುಗಬೇಕಾದ ಓಣಿ. ಏಕೆಂದರೆ ಕುದುರೆ ಎಷ್ಟೇ ಗಿಡ್ಡವಾಗಿದ್ದರೂ ಅದರ ಪಾಲಕನೂ ಪಶುವೈದ್ಯನೂ ಮೊದಲಿನಷ್ಟೇ ಎತ್ತರವಾಗಿರುವರು.

ಕೋಣೆಗಳ ನಡುವಣ ಗೋಡೆಗೆ ೪ ಅಡಿ ಎತ್ತರ ಸಾಕು. ಅದನ್ನು ಪೂರ್ತಿಯಾಗಿ ಹಲಗೆಯಿಂದ ಮುಚ್ಚಿದರೆ ಕುದುರೆಯು ಬಾವಿಯೊಳಗೆ ನಿಂತಂತಾಗುವುದು. ಗಾಳಿಯೂ ಆಡದು, ಜೊತೆಯ ಕುದುರೆಯೂ ಕಾಣದು. ಕುದುರೆ ಮಂದೆಯ ಪ್ರಾಣಿ. ಒಂಟಿತನ ಅದಕ್ಕೆ ಶಿಕ್ಷೆ. ಆದಕಾರಣ ಕೆಳಗಿನ ೨ ಅಡಿಗೆ ಗಟ್ಟಿ ಹಲಗೆಯನ್ನೂ ಮೇಲಿನ ೨ ಅಡಿಗೆ ಒತ್ತಾದ ಸರಳುಗಳನ್ನೋ ತಂತಿಬಲೆಯನ್ನೋ ಅಳವಡಿಸುವುದು ಲೇಸು. ದೊಡ್ಡ ಕುದುರೆಗೆ ನಿರಪಾಯವಾದ ಸಂದು ಕಿರುಗುದುರೆಯ ಗೊರಸಿಗೆ ಬೋನಾಗಬಹುದು. ಬಾಗಿಲಿನ ಕೆಳಗೂ ಹೆಚ್ಚು ತೆರಪಿರಬಾರದು. ಮಲಗಿದ ಮರಿಯ ಕಾಲು ಅದರಲ್ಲಿ ಸಿಕ್ಕಿಬೀಳುವುದುಂಟು. ದೊಡ್ಡ ಕುದುರೆಯ ಬಾಗಿಲಿಗೆ ಅಡ್ಡವಾಗಿ ಕಟ್ಟುವ ಪಟ್ಟಿ ಇಲ್ಲಿ ನಿರುಪಯುಕ್ತ. ಕಿರುಗುದುರೆ ಅದರ ಕೆಳಗೆ ನುಸುಳಿ ಹೊರನಡೆಯುವುದು.

ನೆಲವನ್ನು ತುಸು ಇಳಿಜಾರಾಗಿ ಮಾಡಿ ರಬ್ಬರಿನ ಹಾಸನ್ನು ಹೊದಿಸಿ, ಮೇಲೆ ಒಣಹುಲ್ಲನ್ನೋ ಮರ ಕೀಸುವಾಗ ಉದುರುವ ಸಿಪ್ಪೆಯನ್ನೋ ದಪ್ಪವಾಗಿ ಹರಡಬೇಕು. ಕುದುರೆಯು ನಿಂತೇ ತೂಕಡಿಸಬಲ್ಲದಾದರೂ ಗಾಢವಾದ ಕನಸಿನ ನಿದ್ರೆಗೆ ಅದು ಮಲಗಲೇಬೇಕು. ಅಮೆರಿಕದಲ್ಲಿ ಬೆಳೆಯುವ ಕಪ್ಪು ವಾಲ್ನಟ್ ಮರದ ಸಿಪ್ಪೆಯನ್ನು ಮಾತ್ರ ಎಂದಿಗೂ ಬಳಸಬಾರದು. ಅದರ ಮೇಲೆ ನಿಂತ ಕುದುರೆಗೆ ಗೊರಸಿನೊಳಗೆ ಉರಿಯೂತ ಉಂಟಾಗಿ ನಡೆಯುವುದೇ ದುಸ್ತರವಾಗುವುದು.

ಮೇವು ಮತ್ತು ಚಿಲಕ

೧೦೦ ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ ೧.೫ರಿಂದ ೨ ಕಿಲೋಗ್ರಾಂ ಒಣಹುಲ್ಲು ಸಾಕು. ಬಡ ಹುಲ್ಲುಗಾವಲಿನಲ್ಲಿ ಬದುಕಿದ ವಂಶದ ಈ ಪ್ರಾಣಿ ಸ್ವಲ್ಪ ಹೆಚ್ಚು ತಿಂದರೂ ಕೊಬ್ಬುವುದು. ಕೊಬ್ಬಿದ ಕಿರುಗುದುರೆಯು ಕಾಯಿಲೆಯಿಂದಲೋ ಗಾಬರಿಯಿಂದಲೋ ಮೇವು ಬಿಟ್ಟರೆ, ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ರಕ್ತವನ್ನು ತುಂಬಿ ಯಕೃತ್ತನ್ನು ಕೆಡಿಸುವುದು, ಪ್ರಾಣಾಪಾಯವೂ ಉಂಟು. ಧಾನ್ಯದ ಚೀಲಕ್ಕೆ ಒಂದು ರಾತ್ರಿ ಬಾಯಿ ಹಾಕಿದರೂ ಹೊಟ್ಟೆಶೂಲೆಗೂ ಗೊರಸಿನ ಉರಿಯೂತಕ್ಕೂ ಅದು ಸಾಕು. ತುಟಿಯಿಂದ ಚಿಲಕ ತೆಗೆಯುವುದನ್ನು ಕುದುರೆಗಳು ಬಹುಬೇಗನೆ ಕಲಿಯುವುವು. ಆದುದರಿಂದ ಮೇವಿನ ಕೊಠಡಿಗೆ ಮನುಷ್ಯನ ಎದೆಯ ಮಟ್ಟದಲ್ಲಿ ಭದ್ರವಾದ ಅಗುಳಿ ಇರಲಿ. ಲಾಯದ ಸಾಮಗ್ರಿಗಳಲ್ಲೆಲ್ಲ ಅತ್ಯಂತ ಅಗ್ಗವಾದುದು ಇದೇ, ಅತ್ಯಂತ ಉಪಯುಕ್ತವಾದುದೂ ಇದೇ.

ದೇಹದೊಡನೆ ಸಮನಾಗಿ ಕಿರಿದಾಗದ ಇನ್ನೊಂದು ವಸ್ತು ಹಲ್ಲು. ಕಿರುಗುದುರೆಯ ಹಲ್ಲುಗಳು ಅದರ ದವಡೆಗೆ ದೊಡ್ಡವಾಗಿ ಇಕ್ಕಟ್ಟಿನಲ್ಲಿ ಬೆಳೆಯುವುವು. ಚೆನ್ನಾಗಿ ಅಗಿಯದ ಮೇವು ಗಂಟಲಲ್ಲಿಯೋ ಕಿರಿದಾದ ಕರುಳಿನಲ್ಲಿಯೋ ಕಟ್ಟಿಕೊಳ್ಳಬಹುದು. ಗೋದಲಿಯನ್ನು ಎತ್ತರದಲ್ಲಿ ಕಟ್ಟಿದರೆ ಧೂಳು ಕಣ್ಣಿಗೂ ಮೂಗಿಗೂ ಉದುರುವುದು. ಮೇವನ್ನು ಬರಿಯ ಮರಳಿನ ಮೇಲೆ ಹಾಕಿದರೆ ಮರಳು ಹೊಟ್ಟೆ ಸೇರುವುದು. ಗುಡಿಸಿದ ರಬ್ಬರು ಹಾಸಿನ ಮೇಲೆ ಇಲ್ಲವೆ ತಗ್ಗಾದ ಗೋದಲಿಯಲ್ಲಿ ಮೇವಿಡುವುದೇ ಸರಿ. ನೀರಿನ ಬಕೆಟ್ಟಿನ ಅಂಚು ಕುದುರೆಯ ಎದೆಯ ಮಟ್ಟವನ್ನು ಮೀರದಿರಲಿ. ದೊಡ್ಡ ಕುದುರೆಗಳ ಆಳವಾದ ತೊಟ್ಟಿಯನ್ನು ಇಲ್ಲಿಡಬಾರದು. ಒಂದೂವರೆ ಅಡಿ ಎತ್ತರದ ಮರಿ ಅದರಲ್ಲಿ ಬಿದ್ದರೆ ಮೇಲೇಳಲಾರದು.

ಆ ಒಂದು ರಾತ್ರಿ

ಕುದುರೆಯ ಗರ್ಭಾವಸ್ಥೆ ಸುಮಾರು ಹನ್ನೊಂದು ತಿಂಗಳು. ಆದರೆ ಹೆರಿಗೆಯ ನಿರ್ಣಾಯಕ ಘಟ್ಟ ಅರ್ಧ ಗಂಟೆಯೊಳಗೆ ಮುಗಿಯುವುದು. ಅದೂ ಹೆಚ್ಚಾಗಿ ರಾತ್ರಿಯಲ್ಲಿ. ಕಿರುಗುದುರೆಗಳಲ್ಲಿ ಮರಿಯ ತಲೆಯು ತಾಯಿಯ ವಸ್ತಿಕುಹರಕ್ಕೆ ದೊಡ್ಡದಾಗುವುದರಿಂದ, ದೊಡ್ಡ ಕುದುರೆಗಳಿಗಿಂತ ಹೆರಿಗೆಯ ತೊಡಕು ಹೆಚ್ಚು. ಹೊತ್ತು ಮೀರಿದರೆ ಮರಿ ಉಳಿಯದು. ಆದುದರಿಂದಲೇ ನಮ್ಮ ನಕ್ಷೆಯಲ್ಲಿ ಈಯುವ ಕೋಣೆಗೆ ೮ ಅಡಿ ಅಗಲ, ೧೨ ಅಡಿ ಉದ್ದ. ಹೆಚ್ಚಿನ ಆ ೪ ಅಡಿ ಕುದುರೆಗಲ್ಲ, ಅದರ ಹಿಂದೆ ಮೊಣಕಾಲೂರಿ ಕೈನೀಡುವ ಮನುಷ್ಯನಿಗೆ. ಅಲ್ಲಿ ಪ್ರಖರವಾದ ದೀಪವೂ ಹತ್ತಿರದಲ್ಲಿ ನೀರೂ ಇರಬೇಕು. ಮಲಗುವ ಮನೆಯಿಂದಲೇ ನೋಡಲು ಅನುವಾಗುವ ಕ್ಯಾಮೆರವನ್ನು ಇಂದು ಅನೇಕರು ಅಳವಡಿಸುವರು. ದೀಪಗಳಿಗೆ ಜಾಲರಿಯ ರಕ್ಷೆ, ತಂತಿಗಳಿಗೆ ಲೋಹದ ಕೊಳವೆ ಅವಶ್ಯ. ಹಸಿ ಆರದ ಹುಲ್ಲಿನ ಮೆದೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದಾದ್ದರಿಂದ ವರ್ಷದ ಮೇವನ್ನು ಬೇರೊಂದು ಕಟ್ಟಡದಲ್ಲಿಯೇ ಒಟ್ಟಬೇಕು. ಹೊರಗಿನ ಬೇಲಿಗೆ ೨ ಅಂಗುಲ ಅಗಲ, ೪ ಅಂಗುಲ ಎತ್ತರದ ಕಣ್ಣುಗಳುಳ್ಳ ತಂತಿಬಲೆ ಉತ್ತಮ. ಅದು ಮರಿಯನ್ನು ಒಳಗೂ ನಾಯಿಗಳನ್ನು ಹೊರಗೂ ಇಡುವುದು. ದೊಡ್ಡ ಕುದುರೆಯ ಬಳಿ ಸುಳಿಯಲು ಹೆದರುವ ನಾಯಿ ಕಿರುಗುದುರೆಯ ಮೇಲೆರಗಲು ಹಿಂದೆಗೆಯದು.

ಲಾಯವು ಸಿದ್ಧವಾಯಿತು. ಅದು ಸರಿಯಾಗಿದೆಯೆ ಎಂದು ತಿಳಿಯಲು ಯಾವ ಬೆಲೆಬಾಳುವ ಉಪಕರಣವೂ ಬೇಡ. ರಾತ್ರಿಯೆಲ್ಲ ಕುದುರೆಗಳು ಒಳಗಿದ್ದ ಬಳಿಕ, ಬೆಳಗ್ಗೆ ಯಾರೂ ಗುಡಿಸುವುದಕ್ಕೆ ಮೊದಲು ಕೋಣೆಯನ್ನು ಹೊಕ್ಕು, ಮೊಣಕಾಲೂರಿ, ಹಾಸಿನ ಹತ್ತಿರ ಮುಖವಿಟ್ಟು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳಬೇಕು. ಕಣ್ಣು ಉರಿದು ನೀರೂರಿದರೆ ಲಾಯವನ್ನು ಮನುಷ್ಯನ ಅಳತೆಗೆ ಕಟ್ಟಲಾಗಿದೆ ಎಂದರ್ಥ. ಉಸಿರು ಸರಾಗವಾಗಿ ಆಡಿದರೆ ಕುದುರೆಯ ಅಳತೆಗೆ. ಆಡಿನ ಹಟ್ಟಿಗೂ ಕರುವಿನ ಕೊಟ್ಟಿಗೆಗೂ ಈ ಪರೀಕ್ಷೆ ಅಷ್ಟೇ ಚೆನ್ನಾಗಿ ಸಲ್ಲುವುದು.