ಮಾರ್ಕ್ಸ್ ಇದೆ, ಪೌರತ್ವ ಇಲ್ಲ: ನಿರಾಶ್ರಿತರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುವುದು ಹೇಗೆ?

ಹೊಸೂರು, ರಾಯಕೋಟೆ ದಾಟಿ ಧರ್ಮಪುರಿ ಕಡೆಗೆ ಹೋಗುವ ದಾರಿಯಲ್ಲಿ ಪಾಲಕೋಡ್ ಸಿಗುತ್ತದೆ. ಟೊಮೆಟೊ ವ್ಯಾಪಾರ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಊರು. ತಮಿಳಿನ ಜೊತೆ ಕನ್ನಡ, ತೆಲುಗು ಮಾತೂ ಇಲ್ಲಿ ಕೇಳಿಸುತ್ತದೆ. ಸುತ್ತಲಿನ ತುಂಬಲಹಳ್ಳಿ, ಕೇಸರಗುಳಿಹಳ್ಳ ಎಂಬ ಹೆಸರುಗಳಲ್ಲೇ ಕನ್ನಡ ಇದೆ. ಈ ಎರಡೂ ಅಣೆಕಟ್ಟುಗಳ ಹತ್ತಿರ ಶ್ರೀಲಂಕಾದ ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ತಮಿಳರ ಶಿಬಿರಗಳಿವೆ.

1983ರ ಜುಲೈ ಗಲಭೆಯ ನಂತರ ಇವರು ಅಲೆ ಅಲೆಯಾಗಿ ಬಂದರು. 2021ರ ಸರಕಾರಿ ಲೆಕ್ಕದಲ್ಲಿ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಸುಮಾರು 58 ಸಾವಿರ ಜನ, ಹೊರಗೆ ಸುಮಾರು 34 ಸಾವಿರ ಜನ ಇದ್ದರು. ಶಿಬಿರದ ಯುವಕ ಯುವತಿಯರಲ್ಲಿ ಬಹಳಷ್ಟು ಮಂದಿ ಹುಟ್ಟಿದ್ದೇ ಇಲ್ಲಿ. ಶ್ರೀಲಂಕಾವನ್ನು ಕಣ್ಣಾರೆ ಕಂಡವರಲ್ಲ. ಓದಿದ್ದು ತಮಿಳುನಾಡಿನ ಸರಕಾರಿ ಶಾಲೆಯಲ್ಲಿ. ಪ್ಲಸ್ ಟು ಪಾಸಾಗುವವರೆಗೆ ದೊಡ್ಡ ತೊಂದರೆ ಇರುವುದಿಲ್ಲ. ಆಮೇಲೆ ಅರ್ಜಿ ಫಾರಂನಲ್ಲಿ 'ರಾಷ್ಟ್ರೀಯತೆ' ಎಂಬ ಕಾಲಂ ಬರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಒಮ್ಮೆ ತೆರೆದು, ಮತ್ತೆ ಮುಚ್ಚಿದ ಬಾಗಿಲು

1980ರ ದಶಕದಲ್ಲಿ ತಮಿಳುನಾಡು ಸರಕಾರ ಈ ಮಕ್ಕಳಿಗೆ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟು ಮೀಸಲಿಟ್ಟಿತ್ತು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಆ ಬಳಿಕ ಸವಲತ್ತುಗಳು ಹೋದವು, ಕಾಲೇಜು ಪ್ರವೇಶಕ್ಕೂ ತಡೆ ಬಿತ್ತು. ಹತ್ಯೆಗೆ ಯಾವ ಸಂಬಂಧವೂ ಇಲ್ಲದ ಮಕ್ಕಳು ಶಿಕ್ಷೆ ಅನುಭವಿಸಿದರು. ಬಾಗಿಲು ಮತ್ತೆ ತೆರೆಯಲು ವರ್ಷಗಳೇ ಬೇಕಾದವು. ಆ ಕಷ್ಟದ ದಿನಗಳಲ್ಲೂ ಓದಿನ ಆಸೆ ಕೈಬಿಡದಂತೆ ನೋಡಿಕೊಂಡ ಸಂಸ್ಥೆಗಳಲ್ಲಿ ಮುಖ್ಯವಾದದ್ದು 1984ರಲ್ಲಿ ಎಸ್.ಸಿ. ಚಂದ್ರಹಾಸನ್ ಮುಂದಾಳತ್ವದಲ್ಲಿ ನಿರಾಶ್ರಿತರೇ ಕಟ್ಟಿಕೊಂಡ 'ಓಫರ್'.

ಇದರಲ್ಲಿ ಒಂದು ಪಾಠವಿದೆ. ದಯೆಯಿಂದ ಕೊಟ್ಟದ್ದನ್ನು ಒಂದೇ ಆದೇಶದಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಹುದು. ನಿಯಮದಲ್ಲಿ ಬರೆದಿಟ್ಟದ್ದನ್ನು ಅಷ್ಟು ಸುಲಭವಾಗಿ ತೆಗೆಯಲಾಗದು.

ಮನೆಯ ಲೆಕ್ಕ

2021ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ 317 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದರು. ಹೊಸ ಮನೆ, ಹೆಚ್ಚಿದ ವಿದ್ಯಾರ್ಥಿವೇತನ ಅದರಲ್ಲಿದ್ದವು. ಹೆಚ್ಚು ಅಂಕ ಪಡೆದ 50 ಇಂಜಿನಿಯರಿಂಗ್ ವಿದ್ಯಾರ್ಥಿಗಳ ಹಾಗೂ 5 ಕೃಷಿ ವಿದ್ಯಾರ್ಥಿಗಳ ಶುಲ್ಕವನ್ನು ಸರಕಾರವೇ ಭರಿಸುವುದಾಗಿಯೂ ಹೇಳಲಾಯಿತು. 'ನಿರಾಶ್ರಿತರ ಶಿಬಿರ' ಎಂಬ ಹೆಸರು 'ಪುನರ್ವಸತಿ ಶಿಬಿರ' ಎಂದಾಯಿತು.

ಒಳ್ಳೆಯ ಹೆಜ್ಜೆಯೇ. ಆದರೆ ಮನೆಯ ಲೆಕ್ಕವನ್ನೂ ನೋಡಬೇಕಲ್ವಾ? ಅಂದು ನಿಗದಿಯಾದ ಮಾಸಿಕ ಸಹಾಯಧನ ಹೀಗಿತ್ತು: ಕುಟುಂಬದ ಮುಖ್ಯಸ್ಥರಿಗೆ 1,500, ಇತರ ದೊಡ್ಡವರಿಗೆ ತಲಾ 1,000, ಮಕ್ಕಳಿಗೆ 500 ರೂಪಾಯಿ. ತಂದೆ, ತಾಯಿ, ಕಾಲೇಜಿಗೆ ಹೋಗುವ ಮಗಳು, ಒಬ್ಬ ಚಿಕ್ಕ ಮಗ ಇರುವ ಮನೆಗೆ ತಿಂಗಳಿಗೆ 4,000. ಉಳಿದದ್ದು ತಂದೆಯ ಕೂಲಿಯಿಂದಲೇ ಬರಬೇಕು. ಅದರಲ್ಲೇ ಬಸ್ಸು, ಪುಸ್ತಕ, ಹಾಸ್ಟೆಲ್, ಪರೀಕ್ಷಾ ಶುಲ್ಕ. ಮೊದಲ 50ರೊಳಗೆ ಬರದ ಮಗಳ ಗತಿ ಏನು?

ವಿಶ್ವವಿದ್ಯಾಲಯಗಳ ಕೈಯಲ್ಲಿರುವುದು

ಪೌರತ್ವ ಕೊಡುವುದು ಕೇಂದ್ರದ ಕೆಲಸ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರಿಲ್ಲ. ಹಾಗಂತ ಎಲ್ಲದಕ್ಕೂ ದೆಹಲಿಯತ್ತ ನೋಡುತ್ತಾ ಕೂರಬೇಕಾಗಿಲ್ಲ. ಸೇಲಂ, ಧರ್ಮಪುರಿ ಭಾಗದ ಕಾಲೇಜುಗಳು 1997ರಲ್ಲಿ ಆರಂಭವಾದ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಇಂಥ ಯಾವುದೇ ವಿಶ್ವವಿದ್ಯಾಲಯ ತನ್ನ ಮಟ್ಟದಲ್ಲೇ ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದು ಅರ್ಜಿ ಫಾರಂ. 'ಭಾರತೀಯ' ಮತ್ತು 'ವಿದೇಶಿ' ಎಂಬ ಎರಡೇ ಕಾಲಂ ಇದ್ದರೆ ನಿರಾಶ್ರಿತರ ಮಗು ವಿದೇಶಿ ಪಟ್ಟಿಗೆ ಬೀಳುತ್ತದೆ. ಪಾಸ್‌ಪೋರ್ಟ್, ವೀಸಾ ಕೇಳುತ್ತಾರೆ, ಫೀಸೂ ಹೆಚ್ಚು. ಯಾವ ದೇಶದಿಂದ ಓಡಿ ಬಂದರೋ ಅದೇ ದೇಶದ ಕಾಗದ ತರುವುದು ಹೇಗೆ? 'ನಿರಾಶ್ರಿತ' ಎಂಬ ಮೂರನೇ ಕಾಲಂ ಇಟ್ಟು, ಶಿಬಿರದ ಗುರುತಿನ ಚೀಟಿಯನ್ನು ಒಪ್ಪಿಕೊಂಡು, ಸ್ಥಳೀಯರ ಫೀಸನ್ನೇ ತೆಗೆದುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಎರಡನೆಯದು, ಕಳೆದುಹೋದ ಅಂಕಪಟ್ಟಿ. 1997ರ ಲಿಸ್ಬನ್ ಒಪ್ಪಂದದ ಪ್ರಕಾರ, ದಾಖಲೆ ಪೂರ್ತಿ ಇಲ್ಲದ ನಿರಾಶ್ರಿತರ ವಿದ್ಯಾರ್ಹತೆಯನ್ನೂ ನ್ಯಾಯವಾಗಿ ಅಳೆಯುವ ವ್ಯವಸ್ಥೆ ಇರಬೇಕು. ಯುರೋಪಿನಲ್ಲಿ 2017ರಿಂದ ಇದಕ್ಕಾಗಿ 'ಅರ್ಹತಾ ಪಾಸ್‌ಪೋರ್ಟ್' ಇದೆ. ಇರುವ ಕಾಗದಗಳನ್ನು ನೋಡಿ, ತಜ್ಞರು ಸಂದರ್ಶನ ನಡೆಸಿ, ಈ ವ್ಯಕ್ತಿ ಇಷ್ಟು ಓದಿದ್ದಾರೆ ಎಂದು ಬರೆದುಕೊಡುತ್ತಾರೆ.

ಮೂರನೆಯದು, ನಡುವೆ ಓದು ನಿಲ್ಲದಂತೆ ನೋಡಿಕೊಳ್ಳುವುದು. 2021ರಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮಂಗಳೂರು ಮತ್ತು ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಅಫ್ಘಾನ್ ವಿದ್ಯಾರ್ಥಿಗಳಿದ್ದರು. ನಿನ್ನೆವರೆಗೆ ವಿದ್ಯಾರ್ಥಿ, ಇವತ್ತು ಊರಿಗೆ ಹಿಂತಿರುಗಲು ಹೆದರುವವರು. ಅಂಥ ಸಮಯದಲ್ಲಿ ಫೀಸಿಗೆ ಕಂತು, ಹಾಸ್ಟೆಲ್‌ನಲ್ಲಿ ಉಳಿಯಲು ಅವಕಾಶ, ವೀಸಾ ವಿಸ್ತರಣೆಗೆ ಬೇಕಾದ ಪತ್ರ ಇವೇ ದೊಡ್ಡ ಸಹಾಯ. ಶಿಬಿರದ ಮಕ್ಕಳಿಗೂ ಹಾಜರಿ ತಪಾಸಣೆಗಾಗಿ ಊರಿಗೆ ಹೋಗಬೇಕಾಗಿ ಬಂದರೆ ಆ ದಿನದ ರಜೆ ಕೊಡಬೇಕು.

ನಾಲ್ಕನೆಯದು ಕೆಲಸ. ಪೌರತ್ವ ಇಲ್ಲದಿದ್ದರೆ ಸರಕಾರಿ ಕೆಲಸ ಸಿಗದು. ಖಾಸಗಿ ಕಂಪೆನಿಗಳೂ ಗುರುತಿನ ಚೀಟಿ ನೋಡಿ ಹಿಂದೇಟು ಹಾಕುತ್ತವೆ. ಡಿಗ್ರಿ ಮುಗಿಸಿಯೂ ಪೇಂಟಿಂಗ್ ಕೆಲಸಕ್ಕೆ ಹೋಗುವವರು ಶಿಬಿರಗಳಲ್ಲಿ ಇದ್ದಾರೆ. ಅಣ್ಣ ಓದಿಯೂ ಬಣ್ಣ ಬಳಿಯುವುದನ್ನು ನೋಡಿದ ತಮ್ಮ, "ಓದಿ ಏನಾಗಬೇಕು?" ಅಂತ ಕೇಳುತ್ತಾನೆ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗವೇ ಕಂಪೆನಿಯವರ ಜೊತೆ ಮಾತಾಡಿ ಆ ಅನುಮಾನ ಬಿಡಿಸಬೇಕು.

ಆಗದ ಕೆಲಸವಲ್ಲ

ಕರ್ನಾಟಕದಲ್ಲೇ ಉದಾಹರಣೆ ಇದೆ. ಬೈಲುಕುಪ್ಪೆ, ಮುಂಡಗೋಡಿಗೆ 1960ರ ದಶಕದಲ್ಲಿ ಬಂದ ಟಿಬೆಟಿಯನ್ನರಿಗೆ ಜಮೀನು ಸಿಕ್ಕಿತು, ಶಾಲೆಗಳಾದವು. ಬೆಂಗಳೂರಿನ ಬಳಿ ದಲೈಲಾಮಾ ಹೆಸರಿನ ಉನ್ನತ ಶಿಕ್ಷಣ ಸಂಸ್ಥೆಯೂ ಇದೆ. 2014ರಲ್ಲಿ ಕೇಂದ್ರ ಸರಕಾರ ಟಿಬೆಟಿಯನ್ ಪುನರ್ವಸತಿ ನೀತಿಯನ್ನೇ ತಂದಿತು. ಶ್ರೀಲಂಕಾ ತಮಿಳರಿಗೆ ಅಂಥ ಕೇಂದ್ರ ನೀತಿ ಇಲ್ಲ.

ಜಗತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿಯ ಪ್ರಕಾರ 2019ರಲ್ಲಿ ನಿರಾಶ್ರಿತ ಯುವಜನರಲ್ಲಿ ನೂರಕ್ಕೆ 3 ಮಂದಿ ಮಾತ್ರ ಉನ್ನತ ಶಿಕ್ಷಣದಲ್ಲಿದ್ದರು. 2023ರ ಹೊತ್ತಿಗೆ ಅದು 7ಕ್ಕೆ ಏರಿತು. 2030ಕ್ಕೆ 15 ಆಗಬೇಕೆಂಬುದು ಗುರಿ. ಅಂದರೆ ಮನಸ್ಸು ಮಾಡಿದರೆ ಸಂಖ್ಯೆ ಏರುತ್ತದೆ.

ಮನೆಯಲ್ಲಿ ಮೊದಲ ಬಾರಿ ಒಬ್ಬರು ಡಿಗ್ರಿ ಮುಗಿಸಿದಾಗ ಇಡೀ ಕುಟುಂಬದ ದಾರಿ ಹೇಗೆ ಬದಲಾಗುತ್ತದೆ ಎಂಬುದು ಬ್ಯಾರಿ ಸಮುದಾಯಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಕರಾವಳಿಯಲ್ಲಿ ಕಾಲೇಜು ನಡೆಸುವವರು, ವಿದ್ಯಾರ್ಥಿವೇತನ ಸಮಿತಿಯಲ್ಲಿರುವವರು ತಮ್ಮ ಅರ್ಜಿ ಫಾರಂ ಒಮ್ಮೆ ತೆರೆದು ನೋಡಲಿ. ಪಾಸ್‌ಪೋರ್ಟೂ ಇಲ್ಲದ, ಪೌರತ್ವವೂ ಇಲ್ಲದ, ಮಾರ್ಕ್ಸ್ ಮಾತ್ರ ಇರುವ ಮಗುವಿಗೆ ಅದರಲ್ಲಿ ಹೆಸರು ಬರೆಯಲು ಜಾಗ ಇದೆಯೇ? ಇಲ್ಲದಿದ್ದರೆ ಒಂದು ಕಾಲಂ ಸೇರಿಸಲು ದೊಡ್ಡ ಖರ್ಚೇನೂ ಇಲ್ಲ.